ಗೆರೆ ಹಾದುಹೋದ ಸೇಬಿನ ಮರ

ತಾಸ್‌ಬುಲಾಕ್, ಅಲ್ಮಾಟಿಯ ಮೇಲಣ ತಪ್ಪಲು
೯ ಅಕ್ಟೋಬರ್ ೧೯೯೭, ಗುರುವಾರ

ಪ್ರೀತಿಯ ತಮ್ಮ ಕುವಾಂದಿಕ್‌ಗೆ,

ನೀನೂ ಜನಾರಳೂ ಕ್ಷೇಮವೆಂದು, ಕರಗಂದಿಯಲ್ಲಿ ಈ ಸಲವಾದರೂ ಹಿಮ ಬೀಳುವ ಮೊದಲೇ ಮನೆಗಳಿಗೆ ಬಿಸಿನೀರು ಬಿಟ್ಟಿದ್ದಾರೆಂದು ನಂಬಿದ್ದೇನೆ. ಅಮ್ಮನ ಮಂಡಿನೋವು ಮೊದಲಿನಷ್ಟೇ ಇದೆ, ಸಿಟ್ಟು ಮೊದಲಿಗಿಂತ ಹೆಚ್ಚು. ನಿನ್ನ ಅತ್ತಿಗೆ ರೌಶನ್ ಚೆನ್ನಾಗಿದ್ದಾಳೆ.

ನಿನ್ನ ಆಗಸ್ಟ್ ತಿಂಗಳ ಪತ್ರಕ್ಕೆ ಉತ್ತರಿಸಲು ಏಳು ವಾರ ತೆಗೆದುಕೊಂಡೆ, ಕ್ಷಮಿಸು. ಕೆಲಸದ ಒತ್ತಡವೆಂದು ಬರೆದರೆ ಪೂರ್ತಿ ಸುಳ್ಳಾಗದು, ಆದರೆ ಕಾರಣ ಅದಲ್ಲ. ಮೂರು ಸಲ ಬರೆದು ಮೂರು ಸಲ ಹರಿದೆ. ಕಳೆದ ತಿಂಗಳು ಅಂಚೆಕಚೇರಿಯಲ್ಲಿ ಎರಡು ಗಂಟೆ ಕಾದು ನಿನಗೆ ಫೋನ್ ಮಾಡಿದ್ದು ಇದನ್ನು ಹೇಳಲೆಂದೇ. ಸಂಪರ್ಕ ಸಿಕ್ಕಾಗ ಇಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತೆಂದು ಹೇಳಿ ಫೋನ್ ಇಟ್ಟೆ. ನೀನು, "ಅಣ್ಣಾ, ಇದನ್ನ ಹೇಳೋಕೆ ಫೋನ್ ಮಾಡಿದ್ರಾ?" ಎಂದು ನಕ್ಕೆ. ಅಲ್ಲ.

ಮೇಲಿನ ಹಿಮನದಿಯ ಬುಡದಲ್ಲಿರುವ ಕೊಳ ಈ ಬೇಸಿಗೆ ಹೋದ ವರ್ಷಕ್ಕಿಂತ ಮೂರು ಮೀಟರ್ ಏರಿತು. ಅದರ ದಂಡೆಯೆಂದರೆ ಕಲ್ಲು ಮತ್ತು ಮಂಜುಗಡ್ಡೆ ಬೆರೆತ ಗುಡ್ಡೆ. ಒಡೆದರೆ ಕೆಸರೂ ಬಂಡೆಗಳೂ ನಮ್ಮ ಹಳ್ಳಿಗೆ ತಲುಪಲು ಹತ್ತೊಂಬತ್ತು ನಿಮಿಷ ಸಾಕು. ಕೆಳಗೆ ನಲವತ್ತೊಂದು ಮನೆಗಳಿವೆ. ಆ ಪ್ರವಾಹವನ್ನು ಹಳ್ಳಿಯ ಪಕ್ಕದಿಂದ ದಾಟಿಸುವ ಕಾಲುವೆಯ ನಕ್ಷೆ ಬರೆಯುವ ಕೆಲಸ ಇಲಾಖೆಯಲ್ಲಿ ನನ್ನ ಮೇಜಿಗೇ ಬಂತು. ನೆಲದ ಇಳಿಜಾರು ಎರಡು ಗೆರೆಗಳಿಗೆ ಮಾತ್ರ ಎಡೆಗೊಡುತ್ತದೆ. ಒಂದು, ಪಕ್ಕದ ತುರ್ಸುನ್‌ಖಾನ್ ಅಕ್ಕನ ಮನೆಯ ಮೇಲೆ ಹಾದುಹೋಗುತ್ತದೆ. ಇನ್ನೊಂದು ನಮ್ಮ ತೋಟದ ಪಶ್ಚಿಮದ ಅಂಚಿನ ಮೇಲೆ. ನಾನು ಎರಡನೆಯದನ್ನು ಎಳೆದೆ. ಅದರ ನಟ್ಟನಡುವೆ ಅಪೋರ್ಟ್ ಸೇಬಿನ ಮರ ನಿಂತಿದೆ.

ಯಾವ ಮರವೆಂದು ನಿನಗೆ ಹೇಳಬೇಕಾಗಿಲ್ಲ. ಅಪ್ಪ ಮೇಲಿನ ಕಣಿವೆಯಿಂದ ಕಾಡುಸೇಬಿನ ಸಸಿ ತಂದು ನೆಟ್ಟು, ನೀನು ಹುಟ್ಟಿದ ವಸಂತದಲ್ಲಿ ಅದಕ್ಕೆ ಅಪೋರ್ಟ್ ಕಸಿ ಕಟ್ಟಿದರು. ನಿನಗೂ ಅದಕ್ಕೂ ಒಂದೇ ವಯಸ್ಸು. ಒಂದು ವರ್ಷ ಕೊಟ್ಟು ಮರುವರ್ಷ ಸುಮ್ಮನಿರುವ ಮರ. ಇದು ಕೊಡುವ ವರ್ಷ. ಹದಿನಾಲ್ಕು ಪೆಟ್ಟಿಗೆ ಹಣ್ಣು ಇಳಿಸಿದೆವು. ಅತಿ ದೊಡ್ಡದು ಐನೂರ ನಲವತ್ತು ಗ್ರಾಂ ಇತ್ತು. ನಾನು ಅದನ್ನು ತಕ್ಕಡಿಯಲ್ಲಿಟ್ಟದ್ದನ್ನು ಕಂಡು ಅಮ್ಮ ಬೆಕ್ಕಿಗೆ ಹೇಳಿದರು, "ನೋಡು, ಸೇಬನ್ನ ತೂಗ್ತಾನೆ. ಮೂಸಿ ನೋಡೋಕೆ ಬರಲ್ಲ."

ಬೆಕ್ಕಿಗೆ ಹೇಳಿದ್ದೇಕೆಂದರೆ ಆಗ ಅಮ್ಮ ನನ್ನೊಡನೆ ಮಾತು ಬಿಟ್ಟು ಹದಿನಾರು ದಿನಗಳಾಗಿದ್ದವು. ಇಲಾಖೆಯವರು ಬಂದು ಕೆಂಪು ಬಟ್ಟೆ ಕಟ್ಟಿದ ಗೂಟಗಳನ್ನು ತೋಟದಲ್ಲಿ ಹೊಡೆದ ದಿನದಿಂದ ಬಿಟ್ಟದ್ದು. ಆ ದಿನ ಅಮ್ಮ ಕೋಲೂರಿಕೊಂಡು ಬಂದು ಮೊದಲನೇ ಗೂಟದ ಪಕ್ಕ ನಿಂತರು.

"ಯಾರು ಎಳೆದಿದ್ದು ಈ ಗೆರೇನ?"

"ನಾನೇ, ಅಮ್ಮಾ."

"ಅಳಿಸು."

"ಅಳಿಸಿದರೆ ತುರ್ಸುನ್‌ಖಾನ್ ಅಕ್ಕನ ಮನೆ ಹೋಗುತ್ತೆ."

"ಅವಳ ಮನೆ ಬಗ್ಗೆ ಅವಳು ಅಳ್ತಾಳೆ. ನೀನ್ಯಾಕೋ ಅಳ್ತೀಯ? ಈ ತೋಟ ನಿಂದಲ್ಲ. ಕಿರಿಯವನದು. ಅವನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಒಪ್ಪಿಗೆಯ ಕಾಗದದಲ್ಲಿ 'ಮನೆಯವರ ಪರವಾಗಿ' ಎಂಬ ಜಾಗದಲ್ಲಿ ನಾನೇ ಸಹಿ ಮಾಡಿದ್ದೆ. ಹಿರಿಯ ಮಗ ಸಹಿ ಮಾಡಿದರೆ ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ, ಇಲಾಖೆಯೂ ಪ್ರಶ್ನಿಸಲಿಲ್ಲ. ಆದರೆ ತಂದೆಯ ಒಲೆ ಕಿರಿಯ ಮಗನಿಗೆ ಸೇರಬೇಕೆಂಬುದೂ ನಮ್ಮದೇ ರೂಢಿ, ಅಪ್ಪ ಅದನ್ನು ಬರೆದೂ ಇಟ್ಟಿದ್ದಾರೆ. ಮನೆ ನಿನ್ನದು. ನಿನ್ನದನ್ನು ನಿನ್ನನ್ನು ಕೇಳದೆ ಕೊಟ್ಟೆ. ಇದು ಲೆಕ್ಕದ ತಪ್ಪಲ್ಲ, ಆದ್ದರಿಂದ ತಿದ್ದುವ ಬಗೆ ನನಗೆ ತಿಳಿಯುತ್ತಿಲ್ಲ.

ಅಂದಿನಿಂದ ನನಗೆ ಬೇಕಾದುದೆಲ್ಲ ಬೆಕ್ಕಿನ ಮೂಲಕ ಬರುತ್ತಿತ್ತು. "ಬೆಕ್ಕೇ, ಇಂಜಿನಿಯರ್ ಸಾಹೇಬರ ಚಹಾ ಆರ್ತಾ ಇದೆ ಅಂತ ಹೇಳು." "ಬೆಕ್ಕೇ, ಸಾಹೇಬರು ಬಾಗಿಲು ಹಾಕ್ಕೊಂಡು ಹೋಗ್ಲಿ, ಚಳಿ ಬರ್ತಿದೆ." ರೌಶನ್ ನಗು ತಡೆಯಲಾರದೆ ಅಡುಗೆಮನೆಗೆ ಹೋಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಮರದ ತಳಿ ಉಳಿಸಬಹುದೆಂದು ನಾನು ವಾದಿಸಿದೆ: ಎಲೆ ಉದುರುವ ಹೊತ್ತಿಗೆ ಕಸಿಕಡ್ಡಿ ಕತ್ತರಿಸಿ, ನೆಲಮಾಳಿಗೆಯಲ್ಲಿ ಒದ್ದೆ ಮರಳಿನಲ್ಲಿಟ್ಟು, ಏಪ್ರಿಲ್‌ನಲ್ಲಿ ಬೇರೆ ಬುಡಕ್ಕೆ ಕಟ್ಟಬಹುದು. ಆಗ ಅಮ್ಮ ಬೆಕ್ಕನ್ನು ಬಿಟ್ಟು ನೇರ ನನ್ನೆಡೆಗೇ ತಿರುಗಿದರು.

"ಒಂದ್ಸಲ ಮಾಡಿದ್ಯಲ್ಲ, ಪಟ್ಟಣದ ಹತ್ರ, ಕೆಳಗಡೆ. ಏನ್ ಬಂತು? ಸೇಬಾ ಅದು? ಅಪೋರ್ಟ್ ಅಂತ ಹೆಸರಿಟ್ಕೊಂಡಿರೋ ಆಲೂಗಡ್ಡೆ."

ಅದು ನಿಜ. ಆರು ವರ್ಷಗಳ ಹಿಂದೆ ಇದೇ ಮರದ ಕಡ್ಡಿಯನ್ನು ನಾನು ಪಟ್ಟಣದಂಚಿನ ನನ್ನ ತುಂಡು ತೋಟದಲ್ಲಿ ನರ್ಸರಿಯ ಬುಡಕ್ಕೆ ಕಟ್ಟಿದ್ದೆ. ಅಲ್ಲಿಯ ಎತ್ತರ ಇಲ್ಲಿಗಿಂತ ನಾನೂರು ಮೀಟರ್ ಕಡಿಮೆ. ಕಟ್ಟಿದ್ದು ಚೆನ್ನಾಗಿ ಕೂಡಿತು, ಮರ ಬೇಗ ಬೆಳೆಯಿತು, ಹಣ್ಣೂ ಬಂತು. ಮಾಸಲು ಬಣ್ಣ, ಹಿಟ್ಟಿನಂಥ ತಿರುಳು, ವಾಸನೆಯಿಲ್ಲ. ಕಾಡುಸೇಬಿನ ಬುಡವೂ ಈ ಎತ್ತರವೂ ಇಲ್ಲಿಯ ಇರುಳಿನ ಚಳಿಯೂ ಸೇರದೆ ಅಪೋರ್ಟ್ ಅಪೋರ್ಟ್ ಆಗುವುದಿಲ್ಲವೆಂದು ಅಪ್ಪ ಹೇಳುತ್ತಿದ್ದರು. ಅದನ್ನು ಮುದುಕರ ನಂಬಿಕೆಯೆಂದು ತಿಳಿದು, ಎರಡೂ ಮರಗಳ ಕಡ್ಡಿ ಒಂದೇ ಆದ ಮೇಲೆ ಹಣ್ಣೂ ಒಂದೇ ಆಗಬೇಕೆಂದು ತರ್ಕಿಸಿದೆ. ಯಾವ ಬುಡಕ್ಕೆ, ಯಾವ ನೆಲದಲ್ಲಿ ಕಟ್ಟುತ್ತೇವೆಂಬುದು ಲೆಕ್ಕಕ್ಕೇ ಬಾರದೆಂದು ತಿಳಿದದ್ದು ನನ್ನ ತಪ್ಪು.

ಹೋದ ಭಾನುವಾರ ತುರ್ಸುನ್‌ಖಾನ್ ಅಕ್ಕ ಬಿಸಿ ರೊಟ್ಟಿ ಮಡಿಲಲ್ಲಿಟ್ಟುಕೊಂಡು ಬಂದಳು. ತನ್ನ ಮನೆ ಉಳಿದದ್ದಕ್ಕೆ ಕೃತಜ್ಞತೆ ಹೇಳಲು ಬಂದವಳು ಅಮ್ಮನ ಮುಖ ನೋಡಿ ಅದನ್ನು ಹೇಳಲಾಗದೆ ಬೇರೆಯದನ್ನೇ ಶುರುಮಾಡಿದಳು.

"ಅತ್ತೆಮ್ಮಾ, ನನ್ನ ಬೇಲಿ ಹತ್ರ ಎರಡು ಕಾಡುಸೇಬಿನ ಸಸಿ ಎದ್ದಿವೆ. ಹೆಬ್ಬೆರಳಷ್ಟು ದಪ್ಪ ಆಗಿವೆ. ನನ್ನ ಮೇಕೆ ಮೂರು ಸಲ ತಿಂದ್ರೂ ಸಾಯ್ಲಿಲ್ಲ ಮುಂಡೇವು! ಅವಕ್ಕೆ ಕಟ್ಟಿಸಿ. ನನ್ನ ಕಡೆ ಇದ್ರೇನು, ಹಣ್ಣು ನಿಮ್ಮದೇ."

ಅಮ್ಮ ರೊಟ್ಟಿ ಮುರಿಯುತ್ತ, "ನಿನ್ನ ಮೇಕೇನ ಮೊದ್ಲು ಕಟ್ಟಿಹಾಕು," ಎಂದರು. ತುರ್ಸುನ್‌ಖಾನ್ ಅಕ್ಕ ಅಂಗಳದಲ್ಲಿ ನನ್ನನ್ನು ತಡೆದು ಪಿಸುಗುಟ್ಟಿದಳು, "ಒಪ್ಪಿದ್ರು ಅಲ್ವಾ? ಅಥವಾ ಬೈದ್ರಾ?" ನನಗೂ ಗೊತ್ತಾಗಲಿಲ್ಲ.

ಇನ್ನು ನೀನು ನಿರ್ಧರಿಸಬೇಕಾದದ್ದು. ಯಂತ್ರಗಳು ಅಕ್ಟೋಬರ್ ಇಪ್ಪತ್ತರ ಸೋಮವಾರ ಬರುತ್ತವೆ. ಅದಕ್ಕೆ ಮೊದಲು ಮನೆಯೊಡೆಯನಾಗಿ ನೀನು ಆಕ್ಷೇಪ ಸಲ್ಲಿಸಿದರೆ ನನ್ನ ಸಹಿ ಬಿದ್ದುಹೋಗುತ್ತದೆ. ಆಗ ಈ ಗೆರೆ ರದ್ದಾಗುತ್ತದೆ, ನೆಲ ಹೆಪ್ಪುಗಟ್ಟುವುದರಿಂದ ಕೆಲಸ ಬರುವ ವರ್ಷಕ್ಕೆ ಹೋಗುತ್ತದೆ, ಮುಂದಿನ ಬೇಸಿಗೆಯನ್ನು ಹಳ್ಳಿ ಕಾಲುವೆಯಿಲ್ಲದೆ ಕಳೆಯಬೇಕಾಗುತ್ತದೆ. ಕೊಳ ಒಡೆಯುವುದು ಖಚಿತವೆಂದು ನಾನು ಹೇಳಲಾರೆ, ಒಡೆಯುವುದಿಲ್ಲವೆಂದೂ ಹೇಳಲಾರೆ. ನೀನು ಆಕ್ಷೇಪಿಸಿದರೆ ನಿನ್ನ ಮೇಲೆ ನನಗೆ ಬೇಸರವಿಲ್ಲ. ಆಕ್ಷೇಪಿಸದಿದ್ದರೆ ಹದಿನೆಂಟರೊಳಗೆ ಬಾ. ಕಡ್ಡಿಗಳನ್ನು ಮರದ ಬಿಸಿಲ ಮಗ್ಗುಲಿಂದ, ಈ ವರ್ಷದ ಚಿಗುರಿನಿಂದ, ನೀನೇ ಕತ್ತರಿಸಬೇಕು. ಎಲೆ ಇನ್ನೂ ಉದುರಿಲ್ಲ. ಇಷ್ಟು ಮುಂಚೆ ಕತ್ತರಿಸಿದ ಕಡ್ಡಿ ಏಪ್ರಿಲ್ ತನಕ ಬದುಕುವ ಸಾಧ್ಯತೆ ನನ್ನ ಅಂದಾಜಿನಲ್ಲಿ ಅರ್ಧಕ್ಕರ್ಧ. ಅಪ್ಪನ ಬಾಗುಚಾಕುವನ್ನು ಸಾಣೆ ಹಿಡಿದು ಇಟ್ಟಿದ್ದೇನೆ.

ಕೊನೆಯದಾಗಿ, ಅಮ್ಮ ಬರೆಯಲು ಹೇಳಿದ ಮಾತು. ಅವರು ಹೇಳಿದಂತೆಯೇ ಬರೆಯುತ್ತೇನೆ, ಏಕೆಂದರೆ ಎದುರಿಗೇ ಕುಳಿತಿದ್ದಾರೆ: "ಮರ ಹೋಗೋದಾದ್ರೆ ಹೋಗ್ಲಿ. ಆದ್ರೆ ಈ ಅಂಗಳದಲ್ಲಿ ಬೆಳೆಯೋದು ಒಂದು ಬೇಕು. ಡಿಸೆಂಬರ್‌ನಲ್ಲಿ ಜನಾರ್‌ಗೆ ಹುಟ್ಟೋ ಮೊದಲನೇ ಮಗು ಈ ಮನೇದು. ನಲವತ್ತು ದಿನ ಆದ್ಮೇಲೆ ತಂದು ನನ್ನ ಮಡಿಲಿಗೆ ಹಾಕ್ಲಿ. ನಾನೂ ರೌಶನ್ನೂ ಸಾಕ್ತೀವಿ. ಅವರು ಇನ್ನೂ ಹುಡುಗರು, ಆಮೇಲೆ ಎಷ್ಟು ಬೇಕಾದ್ರೂ ಹೆರ್ಲಿ."

ಬರೆದಿದ್ದೇನೆ.

ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಬೆಕ್ಕಿನ ವಿಷಯ ಹೊಡೆದುಹಾಕಬೇಕಂತೆ, ಹೊಡೆಯುವುದಿಲ್ಲ. ಆಲೂಗಡ್ಡೆಯ ಮಾತು ಇರಲಿ ಅಂದರು. ಈಗ ಅಂಗೈಗಳನ್ನು ತೆರೆದು ನಿಮ್ಮಿಬ್ಬರನ್ನು ಹರಸುತ್ತಿದ್ದಾರೆ: ನಿಮ್ಮ ಒಲೆಯ ಹೊಗೆ ನೆಟ್ಟಗೆ ಏರಲಿ, ಜನಾರಳ ಹೆರಿಗೆ ಹಗುರವಾಗಲಿ, ನಿನ್ನ ಹಾದಿಯಲ್ಲಿ ಕಲ್ಲು ಸಿಗದಿರಲಿ. ಆ ಹರಕೆಯ ಕೆಳಗೆ ನನ್ನದನ್ನೂ ಇಡುತ್ತೇನೆ.

ನಿನ್ನ ಅಣ್ಣ,
ತೊಲೆಗೆನ್

ಮರೆತ ಮಾತು: ನಾಳೆಯ ಕರಗಂದಿ ರೈಲಿನ ಏಳನೇ ಬೋಗಿಯ ಅಟೆಂಡೆಂಟ್ ಹೆಂಗಸಿನ ಕೈಗೆ ಒಂದು ಪೆಟ್ಟಿಗೆ ಸೇಬು ಕೊಡುತ್ತಿದ್ದೇನೆ, ಪತ್ರ ಅದರೊಳಗಿದೆ. ಹಣ್ಣು ಈಗಲೇ ತಿನ್ನಬೇಡಿ. ಹುಲ್ಲಿನಲ್ಲಿಟ್ಟು, ಬಾಗಿಲು ತೆರೆದೊಡನೆ ಕೋಣೆಯ ತುಂಬ ವಾಸನೆ ಎದುರುಗೊಂಡ ದಿನ ತಿನ್ನಿ.

ಇದನ್ನು ಮರೆತಿರಲಿಲ್ಲ. ಇಲ್ಲಿಂದ ಮುಂದಿನದನ್ನು ಅಮ್ಮನಿಗೆ ಓದಿ ಹೇಳಿಲ್ಲ.

ಪತ್ರದ ತಲೆಯಲ್ಲಿ ನಿನ್ನನ್ನು ತಮ್ಮ ಎಂದು ಕರೆದಿದ್ದೇನೆ. ನೀನು ನನ್ನ ಮಗ. ನಿನಗೆ ಹನ್ನೆರಡನೇ ವಯಸ್ಸಿನಿಂದ ಅದು ಗೊತ್ತೆಂಬುದು ನನಗೆ ಗೊತ್ತು. ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು ಅದು. ಮೊದಲ ಮೊಮ್ಮಗು ಅಜ್ಜ ಅಜ್ಜಿಯರದೆಂಬುದು ರೂಢಿ, ಅದರಲ್ಲಿ ನಾವು ವಿಶೇಷವಾದುದೇನನ್ನೂ ಮಾಡಲಿಲ್ಲ. ನಿನ್ನ ನಲವತ್ತನೆಯ ದಿನ ಊಟದ ಮುಂದೆ ಅಪ್ಪ, "ಇವನು ನಮ್ಮವನು," ಎಂದರು. ನಾನು "ಆಗಲಿ" ಎಂದೆ. ಇಪ್ಪತ್ತೆರಡು ವರ್ಷ ನನಗೆ. ಪಕ್ಕದಲ್ಲಿ ರೌಶನ್ ಚಹಾ ಬಗ್ಗಿಸುತ್ತಿದ್ದಳು. ಅವಳ ಕಡೆ ತಿರುಗಿ ನೋಡಲಿಲ್ಲ. ಎರಡು ವಾರ ಅವಳು ಎದೆಗೆ ಬಟ್ಟೆ ಬಿಗಿದುಕೊಂಡು ಓಡಾಡಿದಳು. ಅದೇಕೆಂದು ಕೇಳುವಷ್ಟು ತಿಳಿವಳಿಕೆಯೂ ನನಗಿರಲಿಲ್ಲ.

ಏಳನೇ ವಯಸ್ಸಿನಲ್ಲಿ ನೀನು ಆ ಮರದಿಂದ ಬಿದ್ದು ಗದ್ದ ಒಡೆದುಕೊಂಡಾಗ ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಅಪ್ಪ ಜಗಲಿಯ ಮೇಲಿದ್ದರು. ತಂದೆಯೆದುರು ತನ್ನ ಮಗುವನ್ನು ಎತ್ತಿಕೊಳ್ಳುವುದು ಮರ್ಯಾದೆಯಲ್ಲವೆಂದು ನಿಂತೆ. ಅಪ್ಪ ಮೆಟ್ಟಿಲಿಳಿದು, ಕೋಲೂರಿಕೊಂಡು, ಅಂಗಳ ದಾಟಿ ಬಂದರು. ಇಪ್ಪತ್ತೇಳು ಹೆಜ್ಜೆ. ಅಷ್ಟು ಹೊತ್ತೂ ನೀನು ನೆಲದಲ್ಲಿದ್ದೆ, ನನ್ನನ್ನು ನೋಡುತ್ತಿದ್ದೆ. ಆ ಮರದ ಮೇಲೆ ನಾನು ಗೆರೆ ಎಳೆದದ್ದಕ್ಕೆ ಇಳಿಜಾರಿನ ಲೆಕ್ಕವೊಂದೇ ಕಾರಣವೆಂದು ಮೊನ್ನೆಯವರೆಗೆ ನಂಬಿದ್ದೆ. ಲೆಕ್ಕ ಸರಿಯಾಗಿಯೇ ಇದೆ, ಮತ್ತೊಮ್ಮೆ ಪರೀಕ್ಷಿಸಿದೆ.

ಸಹಿ ಮಾಡಿ ಮನೆಗೆ ಬಂದ ಸಂಜೆ ರೌಶನ್ ಕಾಗದವನ್ನು ಓದಿ, ಮಡಚಿ, ನನ್ನ ಕೈಗೆ ಕೊಟ್ಟಳು. "ಮತ್ತೆ ಕೇಳದೇನೇ ಕೊಟ್ರಿ," ಎಂದಳು. ಮೂವತ್ತು ವರ್ಷಗಳಲ್ಲಿ ಅವಳು ಆ ವಿಷಯದಲ್ಲಿ ಆಡಿದ್ದು ಅದೊಂದೇ ಮಾತು.

ಆದ್ದರಿಂದ ಅಮ್ಮ ಬರೆಸಿದ್ದನ್ನು ಬರೆದೆ, ಈಗ ನನ್ನದನ್ನು ಬರೆಯುತ್ತೇನೆ. ತೋಟದ ವಿಷಯದಲ್ಲಿ ನಿನ್ನ ಇಷ್ಟ. ಮಗುವನ್ನು ಕೊಡಬೇಡ. ಅಮ್ಮನಿಗೂ ಬೇಡ, ನಮಗೂ ಬೇಡ. ಅಮ್ಮ ಅಳುತ್ತಾರೆ, ಊರು ಆಡಿಕೊಳ್ಳುತ್ತದೆ. ಆ ಹೊತ್ತಿಗೆ ನಾನು ಅಂಗಳದಲ್ಲಿ ನಿನ್ನ ಪಕ್ಕ ನಿಂತಿರುತ್ತೇನೆ, ಮೂರು ಹೆಜ್ಜೆ ದೂರದಲ್ಲಲ್ಲ. ಜನಾರಳನ್ನು ಕೇಳು. ಅವಳು ಉತ್ತರ ಹೇಳುವವರೆಗೆ ಅವಳ ಮುಖ ನೋಡುತ್ತಿರು.

ಹಣ್ಣುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿಟ್ಟವಳು ರೌಶನ್. ತಳದ ಸಾಲಿನ ಮೂಲೆಯ ಹಣ್ಣಿನ ಕಾಗದದೊಳಗೆ ಅವಳು ಎರಡು ಸಾಲು ಬರೆದಿದ್ದಾಳೆ. ನಾನು ಓದಲಿಲ್ಲ. ಎಲ್ಲಕ್ಕಿಂತ ಮೊದಲು ಅದನ್ನು ಬಿಚ್ಚು.