ಗಾಳಿಗಿಡಗಳ ಕ್ಷೇಮಸಮಾಚಾರ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಸೊಸೆಗೆ,

ಅತ್ತೆಯ ಆಶೀರ್ವಾದಗಳು. ನೀನು ಮನೆ ಬಿಟ್ಟು ಹೋದ ಮೇಲೆ ನಿನ್ನ ಗಾಳಿಗಿಡಗಳು ಸೊರಗಿಹೋಗಿವೆ. ಅವುಗಳನ್ನು ನೋಡಿಕೊಳ್ಳುವುದು ನನ್ನ ಕೈಲಾಗುತ್ತಿಲ್ಲ. ನನ್ನ ಮಗನೂ ಸಿಟ್ಟು ಬಿಟ್ಟಿದ್ದಾನೆ. ನೀನು ಬಂದರೆ ಗಿಡವೂ ಉಳಿಯುತ್ತದೆ, ಸಂಸಾರವೂ ಉಳಿಯುತ್ತದೆ.

ಗಿಡಗಳ ವಿಷಯ ವಿವರವಾಗಿ ಬರೆಯುತ್ತೇನೆ. ಮಣ್ಣಿಲ್ಲದೆ ಯಾವ ಗಿಡ ಬದುಕೀತು ಎಂದು ನಿನ್ನ ಹತ್ತಿರ ವಾದ ಮಾಡುತ್ತಿದ್ದೆನಲ್ಲ, ನೀನು ಹೋದ ಕೂಡಲೇ ಒಂದನ್ನು ಕುಂಡದಲ್ಲಿ ಊರಿ ದಿನಾ ನೀರು ಹಾಕಿದೆ. ಬುಡ ಕಪ್ಪಾಗಿ ಕೊಳೆತು, ಮುಟ್ಟಿದರೆ ಎಲೆಗಳು ಕೈಗೆ ಬಂದವು. ತುಂಬಾ ಬೇಜಾರಾಯಿತು. ಆಮೇಲೆ ನೀನು ಮಾಡುತ್ತಿದ್ದುದನ್ನು ಒಂದೊಂದಾಗಿ ನೆನಪಿಸಿಕೊಂಡೆ. ವಾರಕ್ಕೊಮ್ಮೆ ಬೋಗುಣಿ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡುವುದು, ತೆಗೆದು ಕೊಡವಿ ಟವೆಲ್ ಮೇಲೆ ತಲೆಕೆಳಗಾಗಿ ಇಡುವುದು. ಎಲೆಗಳ ನಡುವೆ ಹನಿ ನೀರೂ ನಿಲ್ಲಬಾರದು. ಎಲೆ ಸುರುಟಿಕೊಂಡರೆ ಬಾಯಾರಿದೆ ಎಂದು ಅರ್ಥ. ಬೆಳಕು ಬೇಕು, ಸುಡುಬಿಸಿಲು ಬೇಡ. ಎಲ್ಲಕ್ಕಿಂತ ಹೆಚ್ಚಾಗಿ ಗಾಳಿಯಾಡಬೇಕು.

ಈ ಮನೆಯಲ್ಲಿ ಅದಕ್ಕೇ ಬರ. ಧೂಳು ಬರುತ್ತೆ ಅಂತ ಅವನು ಕಿಟಕಿಗಳನ್ನೆಲ್ಲ ಮುಚ್ಚಿ ಸ್ಕ್ರೂ ಹೊಡೆಸಿದ್ದಾನೆ. ಉಳಿದಿರುವುದು ಬಚ್ಚಲುಮನೆಯ ಕಿಂಡಿಯೊಂದೇ. ಅದರ ಕೆಳಗೆ ಸ್ಟೂಲ್ ಹಾಕಿ ಗಿಡಗಳನ್ನು ಒಣಗಿಸುತ್ತೇನೆ. ಅವು ಒಣಗುವ ತನಕ ನಾನೂ ಅಲ್ಲೇ ನಿಂತಿರುತ್ತೇನೆ. ಮನೆಯ ಉಳಿದ ಕಡೆ ನನಗೂ ಉಸಿರು ಕಟ್ಟಿದ ಹಾಗಾಗುತ್ತದೆ.

ಕಳಿಸುವ ಮೊದಲು ಅವನು ಇದನ್ನು ಓದುತ್ತಾನೆ, ಇಷ್ಟು ಹೊತ್ತಿಗೆ ಅವನಿಗೆ ಆಕಳಿಕೆ ಬಂದಿರುತ್ತದೆ. ನಿನ್ನ ಗಂಡ ಪತ್ರ ಓದುವುದು ಕರೆಂಟ್ ಬಿಲ್ ನೋಡಿದ ಹಾಗೆ, ಮೇಲಿನ ಹೆಸರು, ಕೆಳಗಿನ ಮೊತ್ತ, ಅಷ್ಟೇ. ಅದಕ್ಕೇ ನಿಜವನ್ನು ನಡುವೆ ಬರೆಯುತ್ತಿದ್ದೇನೆ. ಗಿಡಗಳು ಸಾಯುತ್ತಿಲ್ಲ. ನಾನು ಕೊಂದ ಆ ಒಂದನ್ನು ಬಿಟ್ಟರೆ ಎಲ್ಲವೂ ಗುಂಡುಕಲ್ಲಿನ ಹಾಗಿವೆ. ನೀನು ಗುಂಗುರುಕೂದಲಿ ಎಂದು ಕರೆಯುತ್ತಿದ್ದೆಯಲ್ಲ, ಅದು ಬುಡದಲ್ಲಿ ಮರಿ ಹಾಕಿದೆ.

ನೀನು ಅವನ ಫೋನ್ ಎತ್ತುವುದಿಲ್ಲ. ನನ್ನ ಫೋನ್ ಅವನ ಬೀರುವಿನಲ್ಲಿದೆ. ಗಿಡ ಸಾಯ್ತಿದೆ ಅಂತ ನೀನೇ ಬರಿ ಅಮ್ಮಾ, ನಿನ್ನ ಅಕ್ಷರ ನೋಡಿದ್ರೆ ಓಡಿ ಬರ್ತಾಳೆ ಎಂದು ಹಾಳೆ, ಪೆನ್ನು ತಂದಿಟ್ಟ. ಗಂಡನಿಗಾಗಿ ಅಲ್ಲದಿದ್ದರೂ ಗಿಡಕ್ಕಾಗಿ ನೀನು ಬಂದುಬಿಡುತ್ತೀಯ ಎಂದೇ ನನಗೆ ಹೆದರಿಕೆ.

ಬರಬೇಡ ಮಗಳೇ. ಅವನು ಸಿಟ್ಟು ಬಿಟ್ಟಿಲ್ಲ, ನೀನು ಬರಲಿ ಎಂದು ಎತ್ತಿಟ್ಟುಕೊಂಡಿದ್ದಾನೆ. ನೀನು ಮತ್ತೆ ಕನ್ನಡಕದ ಅಂಗಡಿ ಕೆಲಸಕ್ಕೆ ಸೇರಿದ್ದು ಗೊತ್ತಾದ ದಿನ ಊಟದ ತಟ್ಟೆ ಗೋಡೆಗೆ ಹೋಯಿತು. ನನಗೋ ಹಾಲು ಕುಡಿದಷ್ಟು ಸಂತೋಷ. ಗೋಡೆ ಒರೆಸುವ ನೆಪದಲ್ಲಿ ಆ ಕಡೆ ತಿರುಗಿ ನಕ್ಕೆ. ಹೆತ್ತ ಮಗನ ಮೇಲೆ ಹೀಗೆ ಬರೆಯುವುದು ಸುಲಭವಲ್ಲ, ಆದರೂ ಬರೆಯುತ್ತೇನೆ. ಒಮ್ಮೆ ಒಳಗೆ ಬಂದರೆ ನಿನ್ನನ್ನು ಅವನು ಹೊರಗೆ ಬಿಡುವುದಿಲ್ಲ. ನನ್ನ ಚಿಂತೆ ಬೇಡ, ನಾನು ಆರಾಮಾಗಿದ್ದೇನೆ.

ಒಟ್ಟಿನಲ್ಲಿ ಗಿಡಗಳು ನಿನ್ನ ದಾರಿ ಕಾಯುತ್ತಿವೆ. ತಡಮಾಡದೆ ಹೊರಟು ಬಾ. ಅವನು ತುಂಬಾ ಬದಲಾಗಿದ್ದಾನೆ.

ಇಂತಿ,
ನಿನ್ನನ್ನು ಮಗಳೆಂದೇ ತಿಳಿದಿರುವ
ಅತ್ತೆ

ಮತ್ತೊಂದು ಮಾತು: ಓದಿ ನೋಡಿದ. ಗಿಡದ ಪುರಾಣ ಜಾಸ್ತಿಯಾಯ್ತು, ಇರ್ಲಿ ಬಿಡು ಎಂದು ಲಕೋಟೆ ತರಲು ಒಳಗೆ ಹೋಗಿದ್ದಾನೆ. ಅವನು ಬರುವಷ್ಟರಲ್ಲಿ ಹಾಳೆ ಮಡಚಿಟ್ಟಿರುತ್ತೇನೆ. ನಾನು ಆರಾಮಾಗಿಲ್ಲ. ಹೊರಗೆ ಹೋಗುವಾಗಲೆಲ್ಲ ನನ್ನನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಾನೆ. ನೀನು ಬರಬೇಡ, ಪೊಲೀಸರನ್ನು ಕಳಿಸು. ಬಾಗಿಲು ಒಡೆದರೂ ಪರವಾಗಿಲ್ಲ.