ಒಪ್ಪಿಗೆ ಕೇಳುವ ಹೊತ್ತು

ಮಾರ್ಚ್ ೧೧, ಸೋಮವಾರ

ಮುದ್ದು ಮಗಳಿಗೆ ಅಮ್ಮಿಯ ಸಲಾಂ.

ಎರಡು ಸಲ ಬರೆದೆ, ಎರಡು ಸಲವೂ ಹರಿದು ಹಾಕಿದೆ. ಅದಕ್ಕೇ ಇಷ್ಟು ತಡ, ಬೈಯಬೇಡ ತಾಯಿ. ಹಾಸ್ಟೆಲಿನ ಊಟ ಸಪ್ಪೆಯೆಂದು ಬರೆದಿದ್ದೀಯ. ನರ್ಸ್ ಆಗುವವಳೇ ಸೊರಗಿ ಕೂತರೆ ರೋಗಿಗಳು ನಿನಗೇ ಗ್ಲುಕೋಸ್ ಹಾಕಿಯಾರು! ಹೊಟ್ಟೆ ತುಂಬ ತಿನ್ನು.

ನಿಕಾಹ್, ಮೆಹರ್, ತಲಾಖ್ ವಿಷಯದಲ್ಲಿ ಧರ್ಮ ಹೆಣ್ಣಿಗೆ ಕೊಟ್ಟ ಹಕ್ಕುಗಳ ಬಗ್ಗೆ ನಾನು ಹೆಂಗಸರಿಗೆ ಮಾಡುವ ಪಾಠ ಅದೇ ಟೈಲರ್ ಅಂಗಡಿಯ ಮಹಡಿಯಲ್ಲಿ ಪ್ರತಿ ಶುಕ್ರವಾರ ನಡೆಯುತ್ತಿದೆ. ಕೆಳಗೆ ಕಾಜಾ, ಗುಂಡಿ ಹೊಲಿಯುವ ಹುಡುಗಿ, ನಾವೆಲ್ಲ ಪಟಾಕಿ ಎನ್ನುವವಳು, ನೆನಪಿದ್ದಾಳಲ್ಲ? ಅವಳಪ್ಪ ಅವಳಿಗೆ ಇಷ್ಟವಿಲ್ಲದ ಕಡೆ ಮದುವೆ ಗೊತ್ತು ಮಾಡಿದ. "ಟೀಚರಮ್ಮ, ಹುಡುಗಿ ಒಪ್ಪದಿದ್ರೆ ನಿಕಾಹ್ ಆಗಲ್ಲ ಅಂತ ನೀವೇ ಹೇಳ್ಕೊಟ್ಟಿದ್ದೀರಲ್ಲ? ಕೇಳೋಕೆ ಬರ್ಲಿ, ಬೇಡ ಅಂತೀನಿ," ಎಂದಳು. ನನಗೆಷ್ಟು ಹೆಮ್ಮೆಯಾಯಿತು ಗೊತ್ತಾ! ತರಗತಿಯಲ್ಲೇ ಅಭ್ಯಾಸ ಮಾಡಿಸಿದೆ. ಇಸ್ತ್ರಿ ಅಂಗಡಿಯ ದಪ್ಪಕ್ಕ ತಲೆಗೆ ಟವೆಲು ಸುತ್ತಿ, ಗಂಟಲು ಗಡಸು ಮಾಡಿ, "ಒಪ್ಪಿಗೆ ಇದೆಯೇನಮ್ಮಾ?" ಎಂದು ಕೇಳಿದಳು. ಪಟಾಕಿ "ಬೇಡ!" ಎಂದು ಕಿರುಚಿದ ರಭಸಕ್ಕೆ ಕೆಳಗೆ ಟೈಲರ್ ಮಿಷನ್ನೇ ನಿಲ್ಲಿಸಿದನಂತೆ. ನಕ್ಕು ನಕ್ಕು ಸುಸ್ತಾದೆವು. ಆದರೆ ಅಭ್ಯಾಸದಲ್ಲಿ ಅವಳ ಪಕ್ಕ ನಾನು ಯಾರನ್ನೂ ಕೂರಿಸಿರಲಿಲ್ಲ.

ಮದುವೆಯ ದಿನ ಪಕ್ಕದಲ್ಲಿ ಅವಳಮ್ಮ ಕೂತಿದ್ದಳು. ಅವಳ ಚಿಕ್ಕಪ್ಪ, ಇಬ್ಬರು ಸಾಕ್ಷಿಗಳೊಂದಿಗೆ, ಪರದೆಯಾಚೆ ನಿಂತು ಒಪ್ಪಿಗೆ ಕೇಳಿದ. ಪಟಾಕಿ "ಬೇಡ" ಎಂದಳು. ಸಣ್ಣಗೆ, ಆದರೆ ಸ್ಪಷ್ಟವಾಗಿ.

"ನಾಚ್ಕೊಂಡಿದೆ ಮಗು, ಇನ್ನೊಂದ್ಸಲ ಕೇಳಿ," ಎಂದು ಸೋದರತ್ತೆ ಕೂಗಿದಳು. "ಬೇಡ ಅಂದ್ಳು, ನಾನು ಕೇಳಿಸ್ಕೊಂಡೆ," ಎಂದು ನಾನೂ ಕೂಗಿದೆ. ನನ್ನ ಮಾತು ಯಾರಿಗೆ ಬೇಕು? ಅಷ್ಟರಲ್ಲಿ ಅವಳಮ್ಮ ಮಗಳ ಗಲ್ಲ ಹಿಡಿದು, "ನನ್ನ ಮುಖ ನೋಡೇ. ನೀನು ಬೇಡ ಅಂದ್ರೆ ನಿಮ್ಮಪ್ಪ ನನ್ನನ್ನೂ ಹೊರಗೆ ಹಾಕ್ತಾನೆ. ನಾನೆಲ್ಲಿಗೆ ಹೋಗ್ಲಿ?" ಎಂದಳು. ಪಟಾಕಿ ಆ ಮುಖ ನೋಡಿದಳು. ಮತ್ತೆ ಕೇಳಿದಾಗ "ಹೂಂ" ಎಂದಳು. ಹೊರಗೆ ಗಂಡಸರು ಒಬ್ಬರನ್ನೊಬ್ಬರು ಅಪ್ಪಿಕೊಂಡರು.

ಹೊರಡುವಾಗ ಪಟಾಕಿ ನನ್ನ ಕೈ ಹಿಡಿದು, "ಪಾಠ ಮರೀಲಿಲ್ಲ ಟೀಚರಮ್ಮ. ಆದ್ರೆ ಅಮ್ಮ ಎಲ್ಲಿಗೆ ಹೋಗ್ಬೇಕು ಅನ್ನೋದು ಪಾಠದಲ್ಲಿ ಇರ್ಲಿಲ್ಲ," ಎಂದಳು. ಆಮೇಲೆ ಅಮ್ಮಂದಿರಿಗೂ ಒಂದು ತರಗತಿ ಶುರು ಮಾಡಿದೆ. ಬಂದವಳು ದಪ್ಪಕ್ಕ ಒಬ್ಬಳೇ, ಅವಳಿಗೋ ಮಕ್ಕಳಿಲ್ಲ. ಕೈಲಾಗದವರು ಮೈ ಪರಚಿಕೊಂಡರಂತೆ, ನನ್ನ ಪಾಡೂ ಅದೇ ಆಗಿದೆ.

ಅಲ್ಲಾಹ್ ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನ ಕೈಗುಣದಿಂದ ನಾಲ್ಕು ಜನರ ನೋವು ಇಳಿಯಲಿ.

ನಿನ್ನ
ಅಮ್ಮಿ

ತಾ.ಕ.: ಎರಡು ಸಲ ಹರಿದು ಹಾಕಿದ್ದು ಇದನ್ನು ಬರೆಯಲಾಗದೆ. ನಿನ್ನ ಅಬ್ಬಾ ನಿನಗೆ ಗಂಡು ನೋಡಿ ಮಾತು ಕೊಟ್ಟು ಬಂದಿದ್ದಾರೆ. ನನ್ನನ್ನು ಕೇಳಲಿಲ್ಲ. ಓದು ಮುಗಿಯಲಿ, ಅವಳನ್ನೊಂದು ಮಾತು ಕೇಳೋಣ ಎಂದೆ. "ಅವಳು ಬೇಡ ಅಂದ್ರೆ ನೀನೂ ಅವಳ ಜೊತೆಗೇ ಹೊರಡು," ಎಂದರು. ನೀನು ರಜೆಗೆ ಬಂದಾಗಲೇ ನಿಕಾಹ್ ಅಂತೆ. ಪರದೆಯ ಒಳಗೆ ನಿನ್ನ ಪಕ್ಕದಲ್ಲಿ ನಾನೇ ಕೂತಿರುತ್ತೇನೆ. ಮಗಳೇ, ಅವರು ಕೇಳುವಾಗ ನನ್ನ ಮುಖ ನೋಡಬೇಡ.