ಕೆಚ್ಚಲು ಒರೆಸಿದ ಬಟ್ಟೆ

ನವೆಂಬರ್ ೧೪, ಬೆಟ್ಸುಕಾಯ್

ಎಷ್ಟು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಆ ಬಟ್ಟೆಯ ನಾತ ಹೋಗುತ್ತಿಲ್ಲ.

ಸುಗಾವಾರ ಕುಟುಂಬದ ಕೊಟ್ಟಿಗೆಯಲ್ಲಿ, ಹಾಲಿಗೆ ಬೆಳಕು ಹಾಯಿಸಿ ಕೆಚ್ಚಲುಬಾವಿನ ರೋಗಾಣು ಪತ್ತೆಹಚ್ಚುವ ಯಂತ್ರ ಇಡಿಸಿದವನು ಪಶುವೈದ್ಯನಾದ ನಾನೇ. ವಾರದಿಂದ ಯಾವ ಹಸುವಿನ ಹಾಲಿಟ್ಟರೂ ರೋಗವಿದೆಯೆಂಬ ಕೆಂಪು ದೀಪ. ಯಾಕೆಂದು ಇವತ್ತು ಕಣ್ಣಾರೆ ಕಂಡೆ. ತೊಮೆ ಅಜ್ಜಿ ಕೆಚ್ಚಲು ಒರೆಸಿದ ಬಟ್ಟೆಯಲ್ಲೇ ಯಂತ್ರದ ಗಾಜನ್ನೂ ಒರೆಸಿ, ಅದಕ್ಕೆ ತಲೆಬಾಗಿ ವಂದಿಸಿದಳು. ಬಟ್ಟೆ ತುಂಬ ಸಗಣಿ, ಕೊಳೆ, ಒಡೆದ ಹಾಲಿನ ಗಂಟು.

"ಅಜ್ಜಿ, ಏನ್ ಮಾಡ್ತಿದ್ದೀರಿ?"

"ಪಾಪ, ಅದೂ ನಮ್ ಜೊತೆ ದುಡಿಯುತ್ತಲ್ಲ ಡಾಕ್ಟ್ರೇ. ಮುಖ ಒರೆಸದೆ ಹಾಗೇ ಬಿಡಕ್ಕಾಗುತ್ತಾ?"

ಗಾಜು ತೊಳೆದು ಮತ್ತೆ ಎಲ್ಲ ಹಸುಗಳ ಹಾಲಿಟ್ಟೆ. ಸಾಲಾಗಿ ಹಸಿರು.

ಅಜ್ಜಿಯ ಮಗ ಇಸಾವೊ ದೀಪದ ಕಡೆ ಕೈ ತೋರಿಸಿದ. "ಹಾಗಾದ್ರೆ ನಮ್ ಹಸು ಯುಕಿನೊಗೂ ಏನೂ ಆಗಿರ್ಲಿಲ್ವಾ? ಕೆಂಪು ದೀಪ ಬಂತು ಅಂತ ಮೊನ್ನೆ ತಾನೇ ಕಸಾಯಿಖಾನೆ ಲಾರಿ ಹತ್ತಿಸಿದ್ವಿ. ಯಂತ್ರ ಸುಳ್ಳು ಹೇಳಲ್ಲ ಅಂದಿದ್ದು ನೀವೇ ಅಲ್ವಾ?"

ಅಷ್ಟರಲ್ಲಿ ಅಜ್ಜಿ ಚಹಾ ತಂದಳು. ಲೋಟದ ಅಂಚನ್ನು ಅದೇ ಬಟ್ಟೆಯಲ್ಲಿ ಒರೆಸಿ ಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ಕುಡಿದೆ. ಕಾಲು ತಾಗಿದರೂ, ಬಾಗಿಲು ತಟ್ಟಿದರೂ ದಿನವಿಡೀ ಕ್ಷಮಿಸಿ, ಕ್ಷಮಿಸಿ ಅನ್ನುವ ಈ ಬಾಯಿಗೆ ಇಸಾವೊನ ಎದುರು ಮಾತ್ರ ಆ ಮಾತು ಬರಲಿಲ್ಲ.